ಮಣ್ಣು ಸುಣ್ಣಗಳ ಗಿಲಾವು

ಕರಾವಳಿಯಲ್ಲಿ ಮಳೆಗಾಲವು ಹಿಂದೆಗೆದ ಮೇಲೆ ಮನೆಗಳ ಗೋಡೆಗಳನ್ನು ನೋಡುತ್ತ ಹೋಗುವುದು ಒಂದು ಬಗೆಯ ವಿದ್ಯಾಭ್ಯಾಸವೇ ಸರಿ. ಬ್ರಹ್ಮಾವರದಿಂದ ಹೊರಟು, ಕೋಟ, ಕುಂದಾಪುರ, ಮರವಂತೆಗಳನ್ನು ದಾಟಿ ಬೈಂದೂರಿನವರೆಗೆ ಹೋಗುವ ದಾರಿಯ ಎರಡು ಮಗ್ಗುಲಲ್ಲಿಯೂ ಎರಡು ಬಗೆಯ ಹಳೆಯ ಗೋಡೆಗಳು ಕಣ್ಣಿಗೆ ಬೀಳುತ್ತವೆ. ಒಂದರ ಮೇಲೆ ಪಾಚಿಯ ಕಪ್ಪು ಇರಬಹುದು, ಬಣ್ಣ ಮಾಸಿರಬಹುದು, ಆದರೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಅದು ಗಟ್ಟಿಯಾದ ಸದ್ದನ್ನೇ ಕೊಡುವುದು. ಇನ್ನೊಂದು ನೋಡುವುದಕ್ಕೆ ಹೊಸತು. ಅದಕ್ಕೆ ಈಚೆಗೆ ಸಿಮೆಂಟಿನ ಅಂಗಿ ತೊಡಿಸಿದ್ದಾರೆ. ಆದರೆ ಮೊಣಕಾಲೆತ್ತರದಲ್ಲಿ ಬಣ್ಣವು ಬೊಬ್ಬೆಯೆದ್ದಿರುವುದು, ಉಪ್ಪಿನ ಬಿಳಿಯ ಹೂ ಅರಳಿರುವುದು, ತಟ್ಟಿದರೆ ಟೊಳ್ಳು ಸದ್ದು ಬರುವುದು. ಎರಡಕ್ಕೂ ಒಂದೇ ಕಲ್ಲು, ಒಂದೇ ಮಳೆ. ವ್ಯತ್ಯಾಸವಿರುವುದೆಲ್ಲ ಮೇಲಿನ ಒಂದು ಅಂಗುಲದಲ್ಲಿ.

ಈ ಒಂದು ಅಂಗುಲವನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂಬುದು ನಮ್ಮ ಉದ್ದೇಶ. ಒಳನಾಡಿನವರು ಇದನ್ನು ಗಿಲಾವು ಎನ್ನುವರು. ನಮ್ಮ ಸೀಮೆಯಲ್ಲಿ ಸಾರಣೆಯೆಂಬ ಮಾತೇ ರೂಢಿಯಲ್ಲಿದೆ. ನಾವು ಕಾಲೇಜಿನಲ್ಲಿ ಪಾಠ ಹೇಳುವವರು; ಕರಣೆ ಹಿಡಿದು ಹೊಟ್ಟೆ ಹೊರೆದವರಲ್ಲ. ಆದರೆ ಹಳೆಯ ಮನೆಗಳ ಯಜಮಾನರು ‘ಇದನ್ನು ಕೆಡವುವುದೋ, ಉಳಿಸುವುದೋ’ ಎಂದು ಕೇಳುವ ಸಂದರ್ಭಗಳು ಹೆಚ್ಚುತ್ತಿವೆ. ಸುಣ್ಣದ ಕೆಲಸವನ್ನು ಬಲ್ಲ ಮೇಸ್ತ್ರಿಗಳಾದರೋ ವೃದ್ಧರಾಗುತ್ತಿದ್ದಾರೆ. ಆದಕಾರಣ ಅಂತಹ ಒಬ್ಬ ಮೇಸ್ತ್ರಿಯ ಬಳಿ ಎರಡು ವರ್ಷ ರಜಾದಿನಗಳಲ್ಲಿ ನಿಂತು ಕಲಿತುದನ್ನೂ, ರಸಾಯನಶಾಸ್ತ್ರದ ಪುಸ್ತಕಗಳಿಂದ ತಿಳಿದುದನ್ನೂ ಕೂಡಿಸಿ ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ಗೋಡೆಯ ಒಳಮೈಯನ್ನು ತಿಳಿಯಬೇಕು. ಈ ಸೀಮೆಯ ಮನೆಗಳು ಬಹುಮಟ್ಟಿಗೆ ಮುರಕಲ್ಲಿನವು. ಬಡವರ ಮನೆಗಳು ಕೆಮ್ಮಣ್ಣಿನ ಮುದ್ದೆಯಿಂದ ಎಬ್ಬಿಸಿದವು. 1801ರಲ್ಲಿ ಕನ್ನಡ ಜಿಲ್ಲೆಯ ಈ ಮಾರ್ಗವಾಗಿಯೇ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಮಲಬಾರಿನ ಅಂಗಾಡಿಪುರದ ಬಳಿ ಕಂಡ ಈ ಜಾತಿಯ ಕಲ್ಲಿಗೆ, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಕೊಟ್ಟನು. ಹೆಸರು ಅನ್ವರ್ಥವಾದುದು. ನೆಲದಿಂದ ಕಡಿದಾಗ ಮೆತ್ತಗಿದ್ದು, ಗಾಳಿ ಬಿಸಿಲುಗಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಇದು. ಕಬ್ಬಿಣ ಮತ್ತು ಅಲ್ಯುಮಿನಿಯಂ ಧಾತುಗಳ ಭಸ್ಮಗಳೇ ಇದರ ಮುಖ್ಯ ದ್ರವ್ಯ. ಮೈತುಂಬ ರಂಧ್ರಗಳು, ಒಂದು ಚೊಂಬು ನೀರನ್ನು ಮೇಲೆ ಸುರಿದರೆ ನೋಡುತ್ತಿದ್ದಂತೆಯೇ ಕುಡಿದುಬಿಡುವುದು.

ಇಂತಹ ಕಲ್ಲಿಗೆ ನಮ್ಮಲ್ಲಿ ನೀರಿನ ಬರವಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು, ಎಂದರೆ ಎರಡಾಳುದ್ದವನ್ನು ಮೀರಿದ ನೀರು, ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಬೀಳುವುದು. ಮಳೆಯ ಇರಚಲು ಹೊರಗಿನಿಂದ ಹೊಡೆಯುವುದು. ನೆಲದ ತೇವವು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಬುಡದಿಂದ ಮೇಲೇರುವುದು. ಅಡುಗೆಮನೆ ಬಚ್ಚಲುಮನೆಗಳ ಹಬೆಯು ಒಳಗಿನಿಂದ ಸೇರುವುದು. ಗೋಡೆಯು ನೀರನ್ನು ಕುಡಿಯದಂತೆ ಮಾಡುವೆವೆಂಬುದು ದುರಾಶೆ. ಕುಡಿದ ನೀರು ಬೇಸಗೆಯಲ್ಲಿ ಯಾವ ದಾರಿಯಿಂದ ಹೊರಕ್ಕೆ ಹೋಗಬೇಕೆಂಬುದೇ ವಿಚಾರಿಸಬೇಕಾದ ಪ್ರಶ್ನೆ.

ಇಲ್ಲಿಯೇ ಸಿಮೆಂಟು ಎಡವುವುದು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪಡಿನ್ ಎಂಬವನು ಸನ್ನದು ಪಡೆದ ‘ಪೋರ್ಟ್‌ಲೆಂಡ್ ಸಿಮೆಂಟ’ನ್ನು ನಾವು ಹಳಿಯುವವರಲ್ಲ. ಸೇತುವೆಗೆ, ನೀರಿನ ತೊಟ್ಟಿಗೆ, ತಾರಸಿಯ ಮಾಡಿಗೆ ಅದು ಉಪಕಾರಿ. ಆದರೆ ಅದರ ಗಿಲಾವು ಮುರಕಲ್ಲಿಗಿಂತ ಬಿರುಸು. ಉಸಿರಾಡಲು ಬಿಡದಷ್ಟು ಬಿಗಿ. ಒಣಗುವಾಗ ಕುಗ್ಗಿ ಕೂದಲೆಳೆಯಂತಹ ಬಿರುಕುಗಳನ್ನು ಪಡೆಯುವುದು. ಮಳೆಯ ನೀರು ಆ ಬಿರುಕಿನಿಂದ ಒಳಗೆ ಹೋಗುವುದಕ್ಕೆ ದಾರಿಯುಂಟು. ಹಬೆಯಾಗಿ ವಿಶಾಲವಾದ ಮೈಯಿಂದ ಹೊರಬರುವುದಕ್ಕೆ ದಾರಿಯಿಲ್ಲ. ಹೀಗೆ ಸೆರೆಸಿಕ್ಕ ನೀರು ಕಲ್ಲಿನೊಳಗಣ ಉಪ್ಪುಗಳನ್ನು ಕರಗಿಸಿಕೊಂಡು ಗಿಲಾವಿನ ಬೆನ್ನಿಗೆ ಬಂದು ನಿಂತು, ಅಲ್ಲಿಯೇ ಒಣಗುವುದು. ಹರಳುಗಟ್ಟುವ ಉಪ್ಪು ಜಾಗಕ್ಕಾಗಿ ನೂಕುವುದು. ಸಿಮೆಂಟು ಜಗ್ಗದೆ ಕಲ್ಲೇ ಪುಡಿಯಾಗುವುದು. ಕೆಲವು ವರ್ಷಗಳ ಮೇಲೆ ಗಿಲಾವು ಹಾಳೆಯಾಗಿ ಕಳಚಿದಾಗ ಅದರ ಬೆನ್ನಿಗೆ ಅಂಟಿಕೊಂಡು ಬರುವ ಕೆಂಪು ಪುಡಿಯು ಗೋಡೆಯ ಮಾಂಸವೇ ಆಗಿರುತ್ತದೆ. ಮಣ್ಣಿನ ಗೋಡೆಗಂತೂ ಈ ಉಡುಪು ಇನ್ನೂ ಅಪಾಯಕರ. ಒಳಗೆ ನೆನೆದು ಮೆತ್ತಗಾದುದು ಹೊರಗೆ ತಿಳಿಯುವುದೇ ಇಲ್ಲ. ಪ್ಲಾಸ್ಟಿಕ್ ಬಣ್ಣಗಳೂ ಇದೇ ಕುಲಕ್ಕೆ ಸೇರಿದುವು.

ನಮ್ಮ ಹಿರಿಯರಿಗೆ ಈ ತೊಂದರೆಯಿಲ್ಲದಿದ್ದುದಕ್ಕೆ ಕಾರಣ ಅವರ ಗಿಲಾವಿನ ಸುಣ್ಣ. ಗುಡ್ಡದ ಸುಣ್ಣಕಲ್ಲು ಇಲ್ಲಿ ಹತ್ತಿರದಲ್ಲಿಲ್ಲ, ಆದರೆ ಹೊಳೆಗಳುಂಟು. ಗಂಗೊಳ್ಳಿಯ ಬಳಿ ಸಮುದ್ರವನ್ನು ಸೇರುವ ಪಂಚಗಂಗಾವಳಿಯ ಹಿನ್ನೀರಿನಲ್ಲಿಯೂ, ಬ್ರಹ್ಮಾವರದ ಕಡೆಯಲ್ಲಿ ಸೀತಾ ಸ್ವರ್ಣಾ ನದಿಗಳು ಕೂಡುವ ಅಳಿವೆಯಲ್ಲಿಯೂ ಇಳಿತದ ಹೊತ್ತಿಗೆ ಬಳಚು ಹೆಕ್ಕುವುದು ಹಳೆಯ ಕಸುಬು. ಅದರ ಮಾಂಸ ಅಡುಗೆಗೆ, ಚಿಪ್ಪು ಸುಣ್ಣದ ಗೂಡಿಗೆ. ಚಿಪ್ಪನ್ನೂ ಇದ್ದಲನ್ನೂ ಪದರಪದರವಾಗಿ ಹರಡಿ ಸುಡುವರು. ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಕಾವು ತಗುಲಿದಾಗ ಚಿಪ್ಪಿನಲ್ಲಿ ಅಡಗಿರುವ ಇಂಗಾಲಾಮ್ಲವಾಯು ಹಾರಿಹೋಗುವುದು.

ಇದರ ಲೆಕ್ಕವು ಬಹು ಸೊಗಸಾಗಿದೆ. ಲೆಕ್ಕವೆಂದರೆ ಅಂಜುವ ನಮ್ಮ ವಿದ್ಯಾರ್ಥಿಗಳು ಕೂಡ ಇದನ್ನು ಮರೆಯುವುದಿಲ್ಲ. ಶುದ್ಧವಾದ ಚಿಪ್ಪು 100 ಸೇರು ಬೆಂದರೆ 44 ಸೇರು ತೂಕದ ವಾಯು ಆಕಾಶಕ್ಕೆ ಹೋಗಿ 56 ಸೇರು ಸುಟ್ಟ ಸುಣ್ಣ ಉಳಿಯುವುದು. ಅದಕ್ಕೆ ನೀರು ಹಾಕಿದರೆ, ಕುದಿದು ಸಿಡಿದು, 18 ಸೇರು ನೀರನ್ನು ತನ್ನೊಳಗೆ ಕಟ್ಟಿಕೊಂಡು 74 ಸೇರು ಅರಳಿದ ಸುಣ್ಣವಾಗುವುದು. ಗೋಡೆಗೆ ಹತ್ತಿದ ತರುವಾಯ ಆ 74 ಸೇರು ಗಾಳಿಯಿಂದ 44 ಸೇರು ವಾಯುವನ್ನು ಮೆಲ್ಲಮೆಲ್ಲನೆ ಮರಳಿ ಪಡೆದು, 18 ಸೇರು ನೀರನ್ನು ಬಿಟ್ಟುಕೊಟ್ಟು, ಪುನಃ 100 ಸೇರಾಗುವುದು. ಎಂದರೆ ಹೊಳೆಯ ಬಳಚು ತೊಟ್ಟಿದ್ದ ಪದಾರ್ಥವನ್ನೇ ಕೊನೆಗೆ ಮನೆಯೂ ತೊಟ್ಟುಕೊಳ್ಳುವುದು. ಈ ಕ್ರಿಯೆಯನ್ನು ಕಾಣಲು ಪ್ರಯೋಗಶಾಲೆ ಬೇಡ. ವೀಳ್ಯ ಮೆಲ್ಲುವವರ ಸುಣ್ಣದ ಡಬ್ಬಿಯ ಅಂಚಿನಲ್ಲಿ ಬಿಳಿಯ ಹೆಕ್ಕಳೆ ಕಟ್ಟುವುದಷ್ಟೆ. ಗಾಳಿ ತಗುಲಿದ ಆ ಅಂಚು ಕಲ್ಲಾಗಿದೆ, ನೀರಿನಡಿಯಿರುವ ನಡುಭಾಗ ಮೆತ್ತಗೇ ಉಳಿದಿದೆ. ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲವೆಂಬುದಕ್ಕೆ ಇದೇ ಕಾರಣ.

ಕೆಡದಿರುವುದು ಮಾತ್ರವಲ್ಲ, ಮೇಲಾಗುವುದು. ಅಜ್ಜಿಯಂದಿರ ಗಾದೆಯೊಂದು ಒಂದು ಕಣ್ಣಿಗೆ ಬೆಣ್ಣೆಯನ್ನೂ ಇನ್ನೊಂದು ಕಣ್ಣಿಗೆ ಸುಣ್ಣವನ್ನೂ ಇಟ್ಟು ಎರಡನ್ನೂ ಬದ್ಧವೈರಿಗಳಾಗಿ ಮಾಡಿದೆ. ಮೇಸ್ತ್ರಿಯ ಗುರಿಯಾದರೋ ಸುಣ್ಣವನ್ನು ಬೆಣ್ಣೆಯಾಗಿ ಮಾಡುವುದು. ಅರಳಿಸಿದ ಸುಣ್ಣವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಕಡಮೆಯೆಂದರೆ ಒಂದು ತಿಂಗಳು ಬಿಡಬೇಕು. ಅಷ್ಟರಲ್ಲಿ ಅರಳದೆ ಉಳಿದ ಕಣಗಳೆಲ್ಲ ಅರಳಿ, ಹರಳುಗಳು ಸಣ್ಣವಾಗಿ, ಮುದ್ದೆಯು ಕರಣೆಗೆ ಅಂಟುವಂತಹ ಜಿಗುಟನ್ನು ಪಡೆಯುವುದು. ಅರಳದ ಒಂದು ಕಣವು ಗಿಲಾವಿನಲ್ಲಿ ಉಳಿದರೂ ಮುಂದೆ ಅದು ನೀರುಂಡು ಉಬ್ಬಿ ಗೋಡೆಯ ಮೇಲೆ ಸಿಡುಬಿನ ಕಲೆಯಂತೆ ಸಿಡಿಯುವುದು. ರೋಮನರ ಹಳೆಯ ಕಟ್ಟಳೆಗಳು ಮೂರು ವರ್ಷಕ್ಕೆ ಕಡಮೆ ನೆನೆದ ಸುಣ್ಣವನ್ನು ಗುತ್ತಿಗೆದಾರನು ಬಳಸಕೂಡದೆಂದು ವಿಧಿಸಿದ್ದುವೆಂದು ಪ್ಲಿನಿಯು ಬರೆದಿದ್ದಾನೆ. ನಮ್ಮ ಮೇಸ್ತ್ರಿಯು ಪ್ಲಿನಿಯ ಹೆಸರನ್ನು ಕೇಳಿದವರಲ್ಲ. “ಮಾಷ್ಟ್ರೇ, ಸುಣ್ಣಕ್ಕೆ ಅವಸ್ರ ಮಾಡುಕಾತಿಲ್ಲೆ” ಎಂಬಷ್ಟೇ ಮಾತಿನಲ್ಲಿ ಅದೇ ಕಟ್ಟಳೆಯನ್ನು ನಮಗೆ ವಿಧಿಸಿದರು. ಗಾದೆಯ ಎಚ್ಚರಿಕೆಯನ್ನಂತೂ ಅಕ್ಷರಶಃ ಪಾಲಿಸಬೇಕು. ಅರಳುವ ಸುಣ್ಣದ ಹನಿಯೊಂದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಮಕ್ಕಳನ್ನು ದೂರವಿರಿಸಿ, ಕನ್ನಡಕ ಧರಿಸಿ, ಸುಣ್ಣವನ್ನೇ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು.

ಮರಳಿನ ವಿಷಯದಲ್ಲಿ ಒಂದೇ ಕಟ್ಟಾಜ್ಞೆ: ಕಡಲ ಮರಳು ಕೂಡದು. ಕಾಲ ಬುಡದಲ್ಲಿಯೇ ಬಿದ್ದಿದೆಯೆಂದು ಅದನ್ನು ತಂದವನು ಉಪ್ಪನ್ನು ತಾನೇ ಗೋಡೆಯೊಳಗೆ ಬಿತ್ತಿದಂತೆ. ಸಿಹಿನೀರಿನ ಹೊಳೆಯ ಮರಳು, ದಪ್ಪ ಸಣ್ಣ ಕಣಗಳೆರಡೂ ಬೆರೆತುದು, ಬೇಕು. ಮೊದಲ ಪದರಕ್ಕೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಇದು ಶಾಸ್ತ್ರದ ಮಾತಲ್ಲ, ಅಳತೆಯ ಮಾತು. ಮೂರು ಕೊಳಗ ಮರಳಿನ ಕಣಗಳ ನಡುವಣ ಖಾಲಿ ಜಾಗವು ಸುಮಾರು ಒಂದು ಕೊಳಗವಿರುತ್ತದೆ, ಸುಣ್ಣವು ಅದನ್ನು ತುಂಬುತ್ತದೆ. ನೀರನ್ನು ಹೆಚ್ಚಾಗಿ ಬೆರಸಬಾರದು. ಕಲಸುವುದಕ್ಕಿಂತ ಕುಟ್ಟುವುದೇ ಮುಖ್ಯ. ಹಿಂದೆ ಎತ್ತು ತಿರುಗಿಸುವ ಗಾಣದಲ್ಲಿ ಗಾರೆಯನ್ನು ಅರೆಯುತ್ತಿದ್ದುದು ಇದಕ್ಕಾಗಿಯೇ. ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುವ ಪದ್ಧತಿ ದಕ್ಷಿಣ ದೇಶದಲ್ಲೆಲ್ಲ ಇದೆ. ಸಕ್ಕರೆಯ ಅಂಶವು ಸುಣ್ಣವನ್ನು ನೀರಿನಲ್ಲಿ ಹೆಚ್ಚಾಗಿ ಕರಗಿಸುವುದೆಂದು ಇಂದಿನ ರಸಾಯನಶಾಸ್ತ್ರವೂ ಒಪ್ಪುವುದು. ಆದರೆ ಬೆಲ್ಲವೇ ಎಲ್ಲವನ್ನೂ ಮಾಡುವುದೆಂದು ನಂಬಿ ಹದಿನೈದು ಬಗೆಯ ಕಷಾಯಗಳನ್ನು ಸುರಿಯುವ ಉತ್ಸಾಹಿಗಳನ್ನು ಈಚೆಗೆ ಕಾಣುತ್ತಿದ್ದೇವೆ. ಹಸಿ ಸುಣ್ಣಕ್ಕೆ ಬೆಲ್ಲ ಬೆರಸಿದ ಮಾತ್ರಕ್ಕೆ ಅದು ಹಣ್ಣಾಗದು.

ಚಿಪ್ಪಿನ ಸುಣ್ಣವು ಶುದ್ಧವಾದುದರಿಂದಲೇ ಅದಕ್ಕೊಂದು ದೌರ್ಬಲ್ಯವಿದೆ: ಗಾಳಿಯಿಲ್ಲದೆ ಅದು ಗಟ್ಟಿಯಾಗದು. ಬುಡದಲ್ಲಿ, ಬಚ್ಚಲಿನ ಪಕ್ಕದಲ್ಲಿ, ಸದಾ ತೇವವಿರುವ ಕಡೆಯಲ್ಲಿ, ಮರಳಿನ ಒಂದು ಪಾಲಿಗೆ ಬದಲಾಗಿ ಚೆನ್ನಾಗಿ ಬೆಂದ ಇಟ್ಟಿಗೆಯ ಅಥವಾ ಹಂಚಿನ ನುಣ್ಣನೆಯ ಪುಡಿಯನ್ನು ಸೇರಿಸಬೇಕು. ಬೆಂದ ಜೇಡಿಯು ಸುಣ್ಣದೊಡನೆ ಕೂಡಿ ನೀರಿನಲ್ಲಿಯೂ ಬಿಗಿಯುವ ಗಾರೆಯಾಗುವುದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಈ ಕರಾವಳಿಯಲ್ಲಿ ಒಡೆದ ಹಂಚಿಗೆ ಕೊರತೆಯಿಲ್ಲ.

ಇನ್ನು ಮಣ್ಣಿನ ಗಿಲಾವು. ಇದು ಒಳಗೋಡೆಗೂ, ಆಳವಾದ ಸೂರಿನ ಕೆಳಗಣ ಜಗಲಿಯ ಗೋಡೆಗೂ ಯೋಗ್ಯವಾದುದು. ನೇರವಾದ ಮಳೆಗೆ ಒಡ್ಡಬಾರದು. ನಮ್ಮವರು ಮಳೆಗಾಲಕ್ಕೆ ಮುಂಚೆ ಜಗಲಿಯ ಎದುರಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಈ ವಿವೇಕದಿಂದಲೇ. ಮಣ್ಣನ್ನು ಆರಿಸುವುದಕ್ಕೆ ಗಾಜಿನ ಭರಣಿಯೊಂದು ಸಾಕು. ಮೂರರಲ್ಲೊಂದು ಭಾಗ ಮಣ್ಣು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಟ್ಟರೆ ಮರಳು ತಳದಲ್ಲಿ, ಮೆಕ್ಕಲು ನಡುವೆ, ಜೇಡಿ ಮೇಲೆ ನಿಲ್ಲುವುದು. ಜೇಡಿ ಸುಮಾರು ಐದರಲ್ಲೊಂದು ಭಾಗವಿದ್ದರೆ ಹದ. ಹೆಚ್ಚಾದರೆ ಗೋಡೆ ಬಿರಿಯುವುದು, ಕಡಮೆಯಾದರೆ ಉದುರುವುದು. ಮುರಕಲ್ಲಿನ ನಾಡಿನ ಕೆಮ್ಮಣ್ಣು ಬಯಲುಸೀಮೆಯ ಎರೆಮಣ್ಣಿನಂತೆ ನೀರುಂಡು ಊದಿಕೊಳ್ಳುವ ಜಾತಿಯದಲ್ಲ; ಆದಕಾರಣ ಸ್ವಲ್ಪ ಮರಳು ಕೂಡಿಸಿದರೆ ಗಿಲಾವಿಗೆ ಒದಗುವುದು. ಕತ್ತರಿಸಿದ ಬತ್ತದ ಹುಲ್ಲನ್ನು ಹಾಕಿ, ತುಳಿದು, ಕೆಲವು ದಿನ ಕೊಳೆಯಲು ಬಿಡಬೇಕು. ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ಆಮೇಲೆ ಆ ಮಣ್ಣಿನ ಜಿಗುಟನ್ನು ಮುಟ್ಟಿ ನೋಡಲಿ. ಕೊನೆಯ ತೆಳು ಪದರಕ್ಕೆ ಜರಡಿ ಹಿಡಿದ ಮಣ್ಣು, ಸಣ್ಣ ಮರಳು, ಸಗಣಿ. ಅರೆಯೊಣಗಿದಾಗ ಹೊಳೆಯ ನುಣುಪುಗಲ್ಲಿನಿಂದ ತೀಡಿ, ಮೇಲೆ ಶೇಡಿಯನ್ನೋ ಕೆಮ್ಮಣ್ಣನ್ನೋ ಸಾರಿದರೆ ಆ ಗೋಡೆಯ ತಂಪನ್ನೂ ಮೃದುವಾದ ಬೆಳಕನ್ನೂ ಯಾವ ಅಂಗಡಿಯ ಬಣ್ಣವೂ ಕೊಡಲಾರದು. ಹೆಂಗಸರು ಹಬ್ಬಹಬ್ಬಕ್ಕೆ ಇದನ್ನು ಮಾಡುತ್ತ ಬಂದಿದ್ದಾರೆ. ಮೇಸ್ತ್ರಿಗಳ ಪಟ್ಟಿಯಲ್ಲಿ ಅವರ ಹೆಸರನ್ನು ಯಾರೂ ಬರೆದಿಲ್ಲ.

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೂ ಚಿತ್ರದ ಗೋಡೆಯನ್ನು ಸಿದ್ಧಪಡಿಸುವ ಕ್ರಮವನ್ನು ವಿವರಿಸುವುದು. ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿಗೆ ಬೆರಸಿ ಬಳಿಯಬೇಕೆಂದು ಅಲ್ಲಿ ಹೇಳಿದೆ. ಅರಸನೂ ಗೋಡೆಯ ಮಣ್ಣನ್ನು ಕುರಿತು ಬರೆಯುವುದು ತನ್ನ ಘನತೆಗೆ ಕುಂದೆಂದು ಭಾವಿಸಲಿಲ್ಲ.

ಕೈಗೆಲಸದ ಮಾತಿಗೆ ಬರೋಣ. ಕಲಿಯುವವನು ಮೊದಲು ಕಲಿಯಬೇಕಾದುದು ಗೋಡೆಗೆ ನೀರು ಕುಡಿಸುವುದನ್ನು. ಧೂಳು ಗುಡಿಸಿ, ಸಂದುಗಳನ್ನು ಕೆದಕಿ, ಹಿಂದಿನ ಸಂಜೆ ಒಂದು ಸಲ, ಬೆಳಗ್ಗೆ ಒಂದು ಸಲ ನೆನೆಸಬೇಕು. ಬಾಯಾರಿದ ಮುರಕಲ್ಲು ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಬರಿಯ ಪುಡಿಯಾಗಿ ಬಿಡುವುದು. ನೀರು ತೊಟ್ಟಿಕ್ಕುವ ಕಲ್ಲಿಗಾದರೋ ಗಾರೆ ಅಂಟುವುದೇ ಇಲ್ಲ. ಗಾರೆಯನ್ನು ಬಳಿಯುವುದಲ್ಲ, ಎಸೆಯುವುದು. ಮಣಿಕಟ್ಟಿನ ಒಂದು ಹೊರಳಿನಿಂದ ಎಸೆದ ಗಾರೆ ಕಲ್ಲಿನ ರಂಧ್ರಗಳಿಗೆ ಹೊಕ್ಕು ಕಚ್ಚಿಕೊಳ್ಳುವುದು. ಪುಸ್ತಕದಿಂದ ಬಾರದ ವಿದ್ಯೆ ಇದೊಂದೇ; ನಮ್ಮ ಮೊದಲ ದಿನದ ಗಾರೆಯಲ್ಲಿ ಅರ್ಧ ಗೋಡೆಗೆ, ಅರ್ಧ ಅಂಗಳಕ್ಕೆ ಸಂದಿತು. ಮೊದಲ ಪದರ ಅರ್ಧ ಅಂಗುಲವನ್ನು ಮೀರಕೂಡದು. ಅದು ಹೆಬ್ಬೆರಳಿನ ಒತ್ತಿಗೆ ತಗ್ಗದೆ ಉಗುರಿಗೆ ಮಾತ್ರ ಗೀರು ಬೀಳುವ ಹದಕ್ಕೆ ಬಂದಾಗ ಮೈಯನ್ನು ಗೀಚಿ ಒರಟುಮಾಡಿ, ಹಲವು ದಿನ ತೇವವಾಗಿಟ್ಟು, ಆಮೇಲೆ ಎರಡನೆಯ ಪದರ. ಒಳಗಿನ ಪದರಕ್ಕಿಂತ ಹೊರಗಿನದು ಎಂದಿಗೂ ಬಿರುಸಾಗಿರಬಾರದು. ಸಿಮೆಂಟು ಮೀರಿದುದು ಈ ನಿಯಮವನ್ನೇ.

ಸುಣ್ಣವು ಒಣಗಿ ಗಟ್ಟಿಯಾಗುವುದಿಲ್ಲವೆಂಬುದನ್ನು ಮತ್ತೊಮ್ಮೆ ಹೇಳಬೇಕಾಗಿದೆ. ಇಂಗಾಲಾಮ್ಲವಾಯು ಸುಣ್ಣದೊಡನೆ ಕೂಡುವುದಕ್ಕೆ ಸ್ವಲ್ಪ ತೇವ ಬೇಕು. ರಂಧ್ರಗಳೆಲ್ಲ ನೀರಿನಿಂದ ತುಂಬಿದ್ದರೂ ವಾಯು ಒಳಹೋಗದು, ಪೂರ್ತಿ ಒಣಗಿದರೂ ಕ್ರಿಯೆ ನಿಂತುಹೋಗುವುದು. ಆದಕಾರಣ ನಮ್ಮ ಸೀಮೆಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ಕೆಲಸದ ಕಾಲ. ಆಗಲೂ ಪಡುವಣ ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿಯ ತೆರೆಯನ್ನು ಇಳಿಬಿಡಬೇಕು. ಏಪ್ರಿಲಿನಲ್ಲಿ ಮಾಡಿಸಿ ಜೂನಿನಲ್ಲಿ ಮಳೆಗೆ ಒಡ್ಡಿ ‘ಸುಣ್ಣ ನಿಲ್ಲಲಿಲ್ಲ’ ಎನ್ನುವವರು ಬಹಳ ಮಂದಿ. ಸುಣ್ಣಕ್ಕೆ ನಿಲ್ಲಲು ಅವರು ಅವಕಾಶ ಕೊಟ್ಟಿದ್ದರೆ ತಾನೆ?

ಇದೇ ಹದವನ್ನು ಅರಿತವರು ಅದನ್ನು ಕಲೆಯ ಮಟ್ಟಕ್ಕೇರಿಸಿದುದೂ ಉಂಟು. ಬೈಂದೂರಿನಿಂದ ಉತ್ತರಕ್ಕೆ, ಉತ್ತರ ಕನ್ನಡದ ಮತ್ತು ಗೋವೆಯ ದೇವಾಲಯಗಳಲ್ಲಿ ಕಾವಿ ಕಲೆಯೆಂಬುದಿದೆ. ಚಿಪ್ಪಿನ ಸುಣ್ಣ, ಮರಳು, ಬೆಲ್ಲಗಳನ್ನು ಕೊಳೆಸಿ ಕುಟ್ಟಿದ ಗಾರೆಯಿಂದ ಬಿಳಿಯ ಮೈಯನ್ನು ಮಾಡಿ, ಅದು ಹಸಿಯಿರುವಾಗಲೇ ಮೇಲೆ ಕಾವಿಯ ಕೆಂಪು ಪದರವನ್ನು ಹಚ್ಚಿ, ಬೇಕಾದೆಡೆಯಲ್ಲಿ ಕಂಟದಿಂದ ಕೆರೆದು ತೆಗೆದರೆ ಬಿಳುಪಿನ ಮೇಲೆ ಕೆಂಪಿನ ಚಿತ್ರ ಉಳಿಯುವುದು. ಬಣ್ಣವು ಸುಣ್ಣದೊಡನೆಯೇ ಕಲ್ಲಾಗುವುದರಿಂದ ಮಳೆಗಾಳಿಗೆ ಬೇಗನೆ ಜಗ್ಗದು. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002) ಈ ಕಲೆಯನ್ನು ಊರೂರಿಗೆ ಹೋಗಿ ದಾಖಲಿಸಿದರು. ಹಳೆಯ ಗುಡಿಗಳನ್ನು ಕೆಡವಿ ಕಟ್ಟುವ ಉತ್ಸಾಹದಲ್ಲಿ ಇಂತಹ ಗೋಡೆಗಳು ಎಷ್ಟೋ ಹೋದುವು. ಮನೆಗಳ ಪಾಡೂ ಅಷ್ಟೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಬಿಚ್ಚಿತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಗ್ರಾಮದಲ್ಲಿ ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನಮನೆಯೂ ಇದೆ. ಅದೊಂದು ಮಹತ್ಕಾರ್ಯ, ಆದರೆ ಎಲ್ಲ ಮನೆಗಳೂ ಮಣಿಪಾಲಕ್ಕೆ ಹೋಗಲಾರವು. ನಿಂತಲ್ಲಿಯೇ ಉಳಿಯಬೇಕಾದುವುಗಳ ಗತಿ ಆಯಾ ಯಜಮಾನನ ಕೈಯಲ್ಲಿದೆ.

ಅಂತಹವರಿಗೆ ನಮ್ಮ ಸಲಹೆ ಇಷ್ಟು. ಸಿಮೆಂಟು ಹೊದ್ದ ಹಳೆಯ ಗೋಡೆಯಲ್ಲಿ ಟೊಳ್ಳು ಸದ್ದು ಬರುವಷ್ಟನ್ನು ಮಳೆಗಾಲ ಕಳೆದೊಡನೆ ಎಬ್ಬಿಸಿರಿ. ಗಟ್ಟಿಯಾಗಿ ಹಿಡಿದುದನ್ನು ಉಳಿಯಿಂದ ಕೀಳಲು ಹೋಗಿ ಕಲ್ಲನ್ನು ಕೆಡಿಸಬೇಡಿರಿ. ಹೊರಬಂದ ಉಪ್ಪನ್ನು ಒಣ ಪೊರಕೆಯಿಂದಲೇ ಗುಡಿಸಿ ದೂರ ಹಾಕಿರಿ. ನೀರಿನಿಂದ ತೊಳೆದರೆ ಅದು ತಿರುಗಿ ಒಳಗೇ ಹೋಗುವುದು. ಸಾಧ್ಯವಾದರೆ ಒಂದು ಬೇಸಗೆ ಗೋಡೆಯನ್ನು ಬೆತ್ತಲೆಯಾಗಿ ಉಸಿರಾಡಲು ಬಿಟ್ಟು, ಮರುವರ್ಷ ಸುಣ್ಣದ ಗಿಲಾವು ಮಾಡಿಸಿರಿ. ಅದರ ಮೇಲೆ ಹಾಲಿನಷ್ಟು ತೆಳುವಾದ ಸುಣ್ಣದ ನೀರನ್ನು, ಕೇದಗೆಯ ಬೇರು ಜಜ್ಜಿದ ಕುಂಚದಿಂದ, ದಿನಕ್ಕೊಂದರಂತೆ ನಾಲ್ಕೈದು ಸಲ ಬಳಿಯಬೇಕು. ದಪ್ಪವಾಗಿ ಒಂದೇ ಸಲ ಬಳಿದದ್ದು ಮುಟ್ಟಿದವರ ಅಂಗಿಗೆ ಹತ್ತುವುದು. ಖರ್ಚು ಸಿಮೆಂಟಿಗಿಂತ ಮೊದಲಿಗೆ ಹೆಚ್ಚೇ ಆದೀತೆಂದು ಒಪ್ಪಿಕೊಳ್ಳುತ್ತೇವೆ, ಏಕೆಂದರೆ ಇದರಲ್ಲಿ ಕೊಳ್ಳುವ ಸಾಮಾನಿಗಿಂತ ಕೈಗಳ ಕೂಲಿಯೇ ಅಧಿಕ.

ಸ್ವತಃ ಕಲಿಯಬಯಸುವ ಯುವಕ ಯುವತಿಯರು ಚಾವಡಿಯ ಗೋಡೆಯಿಂದ ಆರಂಭಿಸುವುದು ಬೇಡ. ಹಟ್ಟಿಯ ಹಿಂದಣ ಗೋಡೆಯಲ್ಲಿ ಮೊಳದುದ್ದದ ಮೂರು ಚೌಕಗಳನ್ನು ಗುರುತಿಸಿ, ಒಂದು ಪಾಲು ಸುಣ್ಣಕ್ಕೆ ಎರಡು, ಮೂರು, ನಾಲ್ಕು ಪಾಲು ಮರಳು ಹಾಕಿ ಒಂದೊಂದನ್ನು ಗಿಲಾವು ಮಾಡಿ, ಹಸಿಯಿರುವಾಗಲೇ ಮೂಲೆಯಲ್ಲಿ ಅಳತೆಯನ್ನೂ ತಾರೀಖನ್ನೂ ಮೊಳೆಯಿಂದ ಕೊರೆದಿಡಲಿ. ಮಳೆಗಾಲವೊಂದು ಕಳೆದ ಮೇಲೆ, ಆಶ್ವಯುಜದ ಒಂದು ಬೆಳಗ್ಗೆ, ಮೂರನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಲಿ.